ಜಾಹೀರಾತೂ ಕಾವ್ಯವೂ: ತರ್ಸೇಮ್ ಸಿಂಗರ ಎರಡು ಕೃತಿಗಳನ್ನು ಕುರಿತು

ಚಲಚ್ಚಿತ್ರ ನಿರ್ದೇಶಕನೊಬ್ಬನು ತಂಪು ಪಾನೀಯವೊಂದರ ಮಾರಾಟಕ್ಕಾಗಿ ಮೂರು ನಿಮಿಷದ ಜಾಹೀರಾತನ್ನು ತಯಾರಿಸಿದರೆ ಅದು ವಿಮರ್ಶೆಗೆ ವಿಷಯವಾಗಬಲ್ಲುದೆ? ಆಗಲಾರದು ಎಂಬುದೇ ನಮ್ಮ ವಿದ್ವದ್ವಲಯದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ. ಅಂಥ ಕೃತಿ ಹಣಕ್ಕಾಗಿ ಹುಟ್ಟಿದ್ದು. ಅದರ ಗುಣದೋಷಗಳನ್ನು ವರ್ತಕನು ತನ್ನ ಲೆಕ್ಕದ ಪುಸ್ತಕದಲ್ಲಿ ನೋಡಿಕೊಳ್ಳಲಿ, ವಿಮರ್ಶಕನಿಗೆ ಅಲ್ಲಿ ಕೆಲಸವಿಲ್ಲ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಈ ಉತ್ತರ ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ. ಹಣಕ್ಕಾಗಿ ಹುಟ್ಟಿದ್ದನ್ನೆಲ್ಲ ಪಕ್ಕಕ್ಕಿಡುವುದಾದರೆ ಅರಿಕೇಸರಿಯ ಆಶ್ರಯದಲ್ಲಿ ಹುಟ್ಟಿದ ಮಹಾಕಾವ್ಯವನ್ನು ನಾವು ಮೊತ್ತಮೊದಲು ಪಕ್ಕಕ್ಕಿಡಬೇಕಾಗುತ್ತದೆ. ಇನ್ನೊಂದು ಕಾರಣವೂ ಉಂಟು. ನಮ್ಮ ತರಗತಿಗಳಿಂದ ಹೊರಗೆ ಹೋಗುವ ವಿದ್ಯಾರ್ಥಿಗಳಲ್ಲಿ ಭಾಷೆಯ ಮೇಲೆ ಒಳ್ಳೆಯ ಹಿಡಿತವುಳ್ಳ ಕೆಲವರು ಜಾಹೀರಾತು ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ತಾವು ಕಲಿತದ್ದನ್ನು ಮಾರಿಕೊಂಡಂತಾಯಿತೆ ಎಂದು ಅವರು ಕೇಳಿದರೆ, ಅಧ್ಯಾಪಕರಾದ ನಾವು ಕೊಡುವ ಉತ್ತರ ಉಪೇಕ್ಷೆಯದಾಗಬಾರದು. ಹುಸಿ ಸಮಾಧಾನದ್ದೂ ಆಗಬಾರದು.

ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನ ತರ್ಸೇಮ್ ಸಿಂಗರದು. 1961ರಲ್ಲಿ ಪಂಜಾಬಿನ ಜಲಂಧರದಲ್ಲಿ ಹುಟ್ಟಿ, ಮುಂದೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಲಾಶಿಕ್ಷಣ ಪಡೆದ ಇವರು 1991ರಲ್ಲಿ ಆರ್.ಇ.ಎಂ. ಎಂಬ ಗಾಯಕವೃಂದದ 'ಲೂಸಿಂಗ್ ಮೈ ರಿಲಿಜನ್' ಎಂಬ ಗೀತೆಗೆ ತಯಾರಿಸಿಕೊಟ್ಟ ಕಿರುಚಿತ್ರದಿಂದ ಪ್ರಸಿದ್ಧಿಗೆ ಬಂದರು. 2000ದಲ್ಲಿ 'ದಿ ಸೆಲ್' ಎಂಬ ಅವರ ಮೊದಲನೆಯ ಪೂರ್ಣ ಚಲಚ್ಚಿತ್ರ ಹೊರಬಿದ್ದಿತು. ಈ ನಡುವೆ ಮತ್ತು ಅನಂತರವೂ ಅವರ ಜೀವನೋಪಾಯ ಮುಖ್ಯವಾಗಿ ಜಾಹೀರಾತು ಚಿತ್ರಗಳೇ ಆಗಿದ್ದುವು. ಅವರ ಕೃತಿಗಳಲ್ಲಿ ಎರಡನ್ನು ಮಾತ್ರ ನಾವು ಇಲ್ಲಿ ತೆಗೆದುಕೊಳ್ಳುತ್ತೇವೆ: 2004ರ ಆರಂಭದಲ್ಲಿ ಪೆಪ್ಸಿ ಪಾನೀಯಕ್ಕಾಗಿ ಅವರು ನಿರ್ದೇಶಿಸಿದ ಜಾಹೀರಾತು ಒಂದು, 2006ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾದ 'ದಿ ಫಾಲ್' ಎಂಬ ಚಲಚ್ಚಿತ್ರ ಇನ್ನೊಂದು. ಎರಡೂ ಒಂದೇ ಕೈಯ ಕೆಲಸ, ಬಹುಮಟ್ಟಿಗೆ ಒಂದೇ ಕಾಲದ ಕೆಲಸ. ಆದಕಾರಣ ಎರಡನ್ನೂ ಒತ್ತಟ್ಟಿಗಿಟ್ಟು ನೋಡಿದರೆ ಜಾಹೀರಾತಿಗೂ ಕಾವ್ಯಕ್ಕೂ ಇರುವ ಭೇದ ನಿರ್ದೇಶಕನ ಸಾಮರ್ಥ್ಯದ ಭೇದವಲ್ಲವೆಂಬುದಾದರೂ ಖಚಿತವಾಗುತ್ತದೆ. ಹಾಗಾದರೆ ಅದು ಯಾವುದರ ಭೇದ ಎಂಬುದನ್ನು ವಿಚಾರಮಾಡಬೇಕು.

ಮೊದಲು ಈ ಜಾಹೀರಾತಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕಾಗಿದೆ. ಪ್ರಸಿದ್ಧ ಗಾಯಕರನ್ನು ಕರೆತಂದು ದೊಡ್ಡ ವೆಚ್ಚದಲ್ಲಿ ಜಾಹೀರಾತು ತೆಗೆಯುವ ಪದ್ಧತಿ ಪೆಪ್ಸಿ ಕಂಪೆನಿಯಲ್ಲಿ ಗಟ್ಟಿಯಾಗಿ ಬೇರೂರಿದ್ದು 1984ರಲ್ಲಿ, ಮೈಕಲ್ ಜ್ಯಾಕ್ಸನ್ ನಟಿಸಿದ ಚಿತ್ರಗಳಿಂದ. ಅವುಗಳ ನಿರ್ದೇಶಕ ಬಾಬ್ ಜಿರಾಲ್ಡಿ. ಜ್ಯಾಕ್ಸನರ 'ಬಿಲಿ ಜೀನ್' ಎಂಬ ಜನಪ್ರಿಯ ಗೀತೆಯ ಮಟ್ಟಿಗೆ ಪಾನೀಯದ ಪ್ರಶಂಸೆಯ ಮಾತುಗಳನ್ನು ಹೊಂದಿಸಿ ಹಾಡಿಸಲಾಯಿತು. ಆ ವರ್ಷದ ಜನವರಿ 27ರಂದು ಲಾಸ್ ಏಂಜಲೀಸ್ ನಗರದ ಶ್ರೈನ್ ಸಭಾಂಗಣದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಬಾಣಬಿರುಸಿನ ಕಿಡಿ ತಗುಲಿ ಗಾಯಕರ ತಲೆಗೂದಲು ಹೊತ್ತಿಕೊಂಡು ಅವರಿಗೆ ಸುಟ್ಟ ಗಾಯಗಳಾದುವು. 1989ರಲ್ಲಿ ಜೋ ಪಿಟ್ಕ ನಿರ್ದೇಶಿಸಿದ ಮಡೋನ ಅವರ ಜಾಹೀರಾತು ಬಂದಿತು. ಅದರಲ್ಲಿ ಬಳಸಿದ್ದ ಗೀತೆಗೇ ಆ ಗಾಯಕಿ ಬೇರೆಯಾಗಿ ತಯಾರಿಸಿದ ಚಿತ್ರದ ಧಾರ್ಮಿಕ ಪ್ರತಿಮೆಗಳ ಬಗೆಗೆ ತೀವ್ರ ವಿರೋಧ ಹುಟ್ಟಿದ್ದರಿಂದ ಕಂಪೆನಿ ತನ್ನ ಜಾಹೀರಾತನ್ನೇ ಹಿಂದಕ್ಕೆ ತೆಗೆದುಕೊಂಡಿತು. ಈ ಎರಡು ಪ್ರಸಂಗಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಂಥ ಜಾಹೀರಾತಿನಲ್ಲಿ ಕಂಪೆನಿ ಕೊಂಡುಕೊಳ್ಳುವುದು ನಟನೆಯನ್ನಲ್ಲ, ಕೀರ್ತಿಯನ್ನು. ಕೀರ್ತಿಯಾದರೋ ಒಡೆಯನಿಗೂ ಪೂರ್ತಿ ವಶವಾಗದ ಪದಾರ್ಥ.

ಇಪ್ಪತ್ತು ವರ್ಷಗಳ ಅನಂತರ ತರ್ಸೇಮ್ ಸಿಂಗರಿಗೆ ದೊರೆತದ್ದು ಈ ಪರಂಪರೆ. ಅವರ ಜಾಹೀರಾತಿನ ಕಥೆ ಸಂಕ್ಷೇಪವಾಗಿ ಹೀಗಿದೆ. ಪ್ರಾಚೀನ ರೋಮಿನ ಮಲ್ಲರಂಗ. ಸುತ್ತ ಅಪಾರ ಜನಸ್ತೋಮ. ಎತ್ತರದ ಪೀಠದಲ್ಲಿ ಚಕ್ರವರ್ತಿ. ಈ ಪಾತ್ರವನ್ನು ವಹಿಸಿದವರು ಗಾಯಕ ಎನ್ರಿಕೆ ಇಗ್ಲೇಸಿಯಸ್. ತಣ್ಣನೆಯ ಪಾನೀಯ ಇರುವುದು ಅವನೊಬ್ಬನ ಬಳಿ. ಕೆಳಗೆ ಒಬ್ಬರನ್ನೊಬ್ಬರು ಕೊಲ್ಲಬೇಕಾದ ಮೂವರು ಸ್ತ್ರೀಯೋಧರು: ಬ್ರಿಟ್ನಿ ಸ್ಪಿಯರ್ಸ್, ಬಿಯಾನ್ಸೆ ಮತ್ತು ಪಿಂಕ್. ಅವರು ಆಯುಧಗಳನ್ನು ಬಿಸುಟು ಕ್ವೀನ್ ವೃಂದದ 'ವಿ ವಿಲ್ ರಾಕ್ ಯೂ' ಎಂಬ 1977ರ ಗೀತೆಯನ್ನು ಹಾಡತೊಡಗುತ್ತಾರೆ. ಜನರು ಕೈಯಿಂದಲೂ ಕಾಲಿಂದಲೂ ತಾಳಹಾಕುತ್ತಾರೆ. ಆ ವೃಂದದ ಬ್ರಯನ್ ಮೇ ಮತ್ತು ರೋಜರ್ ಟೇಲರ್ ಇಬ್ಬರೂ ಪ್ರೇಕ್ಷಕರ ನಡುವೆ ಕ್ಷಣಕಾಲ ಕಾಣಿಸಿಕೊಳ್ಳುತ್ತಾರೆ. ಕೊನೆಗೆ ಚಕ್ರವರ್ತಿಯ ಪಾನೀಯ ಯೋಧರ ಕೈಸೇರುತ್ತದೆ. ಚಕ್ರವರ್ತಿ ತಾನೇ ಕಣದಲ್ಲಿ ಸಿಂಹದ ಮುಂದೆ ನಿಲ್ಲಬೇಕಾಗುತ್ತದೆ. 2000ದಲ್ಲಿ ಬಂದ ರಿಡ್ಲಿ ಸ್ಕಾಟರ 'ಗ್ಲಾಡಿಯೇಟರ್' ಚಿತ್ರದ ನೆನಪು ಪ್ರೇಕ್ಷಕರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದ ಕಾಲ ಅದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೂವರು ಗಾಯಕಿಯರ ಸಮಕ್ಷಮದಲ್ಲಿ, ಒಂದು ಪೂರ್ಣ ಚಲಚ್ಚಿತ್ರಕ್ಕೆ ಸಲ್ಲತಕ್ಕ ವೈಭವದಿಂದ, ಇದರ ಮೊದಲ ಪ್ರದರ್ಶನ ನಡೆಯಿತು.

ಈ ಕೃತಿಯ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ದೃಶ್ಯಗಳ ಜೋಡಣೆಯಲ್ಲಿ ಒಂದು ಅನಗತ್ಯ ಅಂಶವಿಲ್ಲ. 1984ರ ಹಾಡಿನಂತೆ ಇಲ್ಲಿ ಗೀತೆ ಪಾನೀಯವನ್ನು ಹೊಗಳುವುದಿಲ್ಲ. ಪಾನೀಯವನ್ನು ಬಾಯಿಂದ ಹೇಳದೆ ಕಣ್ಣಿಗೆ ತೋರಿಸಿಯೇ ಕಾರ್ಯ ಸಾಧಿಸಲಾಗಿದೆ. ವಾಚ್ಯಕ್ಕಿಂತ ಸೂಚ್ಯ ಬಲವತ್ತರವೆಂಬ ನಮ್ಮ ಆಲಂಕಾರಿಕರ ತತ್ತ್ವ ವರ್ತಕನಿಗೂ ತಿಳಿದಿದೆ ಎಂದಾಯಿತು. ಸಹಸ್ರಾರು ಜನರ ತಾಳ ಒಂದಾಗುವ ಗಳಿಗೆಯಲ್ಲಿ ನೋಡುವವನ ಕಾಲೂ ತಾನಾಗಿ ಅಲುಗುತ್ತದೆ. ಅದನ್ನು ಅಲ್ಲಗಳೆಯುವ ವಿಮರ್ಶಕನು ಪ್ರಾಮಾಣಿಕನಲ್ಲ.

ಹೀಗಿದ್ದೂ ಚಿತ್ರ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನು? ಇಲ್ಲಿ ಮೂರು ದೋಷಗಳು ನಮಗೆ ತೋರುತ್ತವೆ. ಮೊದಲನೆಯದು, ಪಾತ್ರಗಳು ಪಾತ್ರಗಳಾಗದಿರುವುದು. ರಸಾನುಭವಕ್ಕೆ ಸಾಧಾರಣೀಕರಣ ಆವಶ್ಯಕವೆಂದು ಭಟ್ಟನಾಯಕನು ಸಾರಿದನು. ರಂಗದ ಮೇಲಿನ ಶಕುಂತಲೆ ಯಾವ ನಟಿಯೂ ಅಲ್ಲದೆ, ಯಾರ ಮಗಳೂ ಅಲ್ಲದೆ, ಎಲ್ಲರ ಹೃದಯಕ್ಕೂ ಸಲ್ಲತಕ್ಕವಳಾದಾಗಲೇ ಶೃಂಗಾರವೋ ಕರುಣವೋ ಒದಗುತ್ತದೆ. ಈ ಜಾಹೀರಾತಿನಲ್ಲಿ ಇದಕ್ಕೆ ತದ್ವಿರುದ್ಧವಾದುದು ಬೇಕಾಗಿದೆ. ಬಿಯಾನ್ಸೆ ಬಿಯಾನ್ಸೆಯಾಗಿಯೇ ಉಳಿಯಬೇಕು. ಒಂದು ಕ್ಷಣ ಪ್ರೇಕ್ಷಕನು ಅವರನ್ನು ಮರೆತು ರೋಮಿನ ದಾಸಿಯನ್ನು ಕಂಡನೆಂದರೆ ಕಂಪೆನಿ ಕೊಟ್ಟ ಹಣ ವ್ಯರ್ಥ. ಆದಕಾರಣ ಮೂವರು ಸ್ತ್ರೀಯರು ಸಾವಿನ ಎದುರಿಗೆ ನಿಂತಿದ್ದರೂ ನಮಗೆ ಭಯವಿಲ್ಲ. ಅವರು ಸಾಯುವುದಿಲ್ಲವೆಂಬುದು ಅವರ ಹೆಸರುಗಳಿಂದಲೇ ಗೊತ್ತಾಗಿಹೋಗಿದೆ.

ಎರಡನೆಯ ದೋಷ ಉಪದೇಶದ ರೀತಿಗೆ ಸಂಬಂಧಪಟ್ಟದ್ದು. ವೇದ ಪ್ರಭುವಿನಂತೆ ಆಜ್ಞೆ ಮಾಡುತ್ತದೆ, ಪುರಾಣ ಮಿತ್ರನಂತೆ ತಿಳಿಹೇಳುತ್ತದೆ, ಕಾವ್ಯ ಕಾಂತೆಯಂತೆ ಒಲಿಸಿಕೊಳ್ಳುತ್ತದೆ ಎಂಬ ವಿಭಾಗ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಜಾಹೀರಾತಿನ ವೇಷ ಕಾಂತೆಯದು, ಸ್ವರ ಪ್ರಭುವಿನದು. ಅದು ನಗುತ್ತದೆ, ಹಾಡುತ್ತದೆ, ಕುಣಿಯುತ್ತದೆ. ಆದರೆ ಅದರ ತಾತ್ಪರ್ಯ ಒಂದೇ, ಕೊಳ್ಳು ಎಂಬುದು. ಈ ತಾತ್ಪರ್ಯವನ್ನು ಬಿಟ್ಟು ಬೇರೊಂದನ್ನು ಗ್ರಹಿಸಿದ ಪ್ರೇಕ್ಷಕನನ್ನು ಅದು ಸಹೃದಯನೆಂದು ಕರೆಯುವುದಿಲ್ಲ. ಕೈತಪ್ಪಿದ ಗಿರಾಕಿ ಎಂದು ಎಣಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ಕಥೆಯ ಬೀಜ ನಿಜವಾಗಿ ದೊಡ್ಡದು. ಪರಸ್ಪರ ಕೊಲ್ಲಲು ನೇಮಕವಾದವರು ಕೊಲ್ಲುವುದಿಲ್ಲವೆಂದು ಆಯುಧ ಕೆಳಗಿಡುವುದಕ್ಕಿಂತ ಗಂಭೀರವಾದ ಸನ್ನಿವೇಶ ಮತ್ತಾವುದು? ಆದರೆ ಆ ನಿರಾಕರಣೆಯ ಫಲವೇನು? ದೊರೆ ಕುಡಿಯುತ್ತಿದ್ದುದನ್ನು ಇವರು ಕುಡಿಯುತ್ತಾರೆ. ಇವರು ನಿಂತಿದ್ದ ಕಡೆ ದೊರೆ ನಿಲ್ಲುತ್ತಾನೆ. ಮಲ್ಲರಂಗ ಹಾಗೆಯೇ ಇದೆ, ಸಿಂಹ ಹಾಗೆಯೇ ಇದೆ, ನೋಡುವ ಜನವೂ ಹಾಗೆಯೇ ಇದೆ. ದಂಗೆಯ ಆವೇಶವನ್ನೆಲ್ಲ ಎಬ್ಬಿಸಿ, ಅದು ಒಂದು ಡಬ್ಬಿಯ ಪಾನೀಯದಲ್ಲಿ ತಣಿಯುವಂತೆ ಮಾಡಲಾಗಿದೆ. ಇದನ್ನು ನಾವು ಅನೌಚಿತ್ಯವೆಂದು ಕರೆಯುತ್ತೇವೆ. ಔಚಿತ್ಯಭಂಗಕ್ಕಿಂತ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬ ಪೂರ್ವಸೂರಿಗಳ ಅಭಿಪ್ರಾಯಕ್ಕೆ ಈ ಮೂರು ನಿಮಿಷಗಳು ಒಳ್ಳೆಯ ಉದಾಹರಣೆ.

ಇಂಥ ಟೀಕೆಗೆ ಸಾಮಾನ್ಯವಾಗಿ ಬರುವ ಪ್ರತ್ಯುತ್ತರವೊಂದಿದೆ. ಕಲಾವಿದನು ಜಾಹೀರಾತಿನಿಂದ ಸಂಪಾದಿಸಿ ಆ ಹಣದಿಂದ ಒಳ್ಳೆಯ ಕೃತಿಯನ್ನು ರಚಿಸುತ್ತಾನೆ, ಆದ್ದರಿಂದ ಅವನನ್ನು ಆಕ್ಷೇಪಿಸಬಾರದು ಎಂಬುದು. ಇದಕ್ಕೆ ಆಧಾರಗಳು ಇಲ್ಲದಿಲ್ಲ. 1943ರಲ್ಲಿ ಕಲ್ಕತ್ತೆಯ ಡಿ.ಜೆ. ಕೀಮರ್ ಎಂಬ ಜಾಹೀರಾತು ಸಂಸ್ಥೆಗೆ ಸೇರಿದ ಸತ್ಯಜಿತ್ ರಾಯರು ಆ ನೌಕರಿಯಲ್ಲಿದ್ದುಕೊಂಡೇ 'ಪಥೇರ್ ಪಾಂಚಾಲಿ' (1955) ಚಿತ್ರವನ್ನು ತಯಾರಿಸಿದರು. ಶ್ಯಾಮ್ ಬೆನಗಲ್ಲರು ನೂರಾರು ಜಾಹೀರಾತು ಚಿತ್ರಗಳನ್ನು ತೆಗೆದು ಕೈ ಪಳಗಿಸಿಕೊಂಡ ಮೇಲೆ 'ಅಂಕುರ್' (1974) ಚಿತ್ರವನ್ನು ನಿರ್ದೇಶಿಸಿದರು. ಅದಕ್ಕೆ ಬಂಡವಾಳ ಹಾಕಿದ್ದು ಜಾಹೀರಾತು ಚಿತ್ರಗಳ ವಿತರಣೆ ಮಾಡುತ್ತಿದ್ದ ಬ್ಲೇಜ್ ಸಂಸ್ಥೆ. ತರ್ಸೇಮ್ ಸಿಂಗರು 'ದಿ ಫಾಲ್' ಚಿತ್ರಕ್ಕೆ ಬಹುಪಾಲು ತಮ್ಮ ಸ್ವಂತ ಹಣವನ್ನೇ ತೊಡಗಿಸಿದರು. ಜಾಹೀರಾತುಗಳಿಗಾಗಿ ದೇಶದೇಶ ಸುತ್ತುವಾಗ ಕಂಡ ಸ್ಥಳಗಳನ್ನು ಗುರುತಿಟ್ಟುಕೊಂಡು ಸುಮಾರು ನಾಲ್ಕು ವರ್ಷಗಳ ಕಾಲ 20ಕ್ಕೂ ಹೆಚ್ಚು ದೇಶಗಳಲ್ಲಿ ಬಿಡಿಬಿಡಿಯಾಗಿ ಅದನ್ನು ಚಿತ್ರೀಕರಿಸಿದರು. ಆದರೂ ಈ ಪ್ರತ್ಯುತ್ತರ ನಮಗೆ ತೃಪ್ತಿಕರವಾಗಿ ತೋರುವುದಿಲ್ಲ. ಅದು ಕಲಾವಿದನ ಜೀವನವನ್ನು ಸಮರ್ಥಿಸುತ್ತದೆ, ಕೃತಿಯನ್ನಲ್ಲ. ಒಂದು ಕೃತಿಯ ದೋಷ ಇನ್ನೊಂದು ಕೃತಿಯ ಗುಣದಿಂದ ಪರಿಹಾರವಾಗುವುದಿಲ್ಲ. ಹಾಗೆಯೇ ಹಣ ಪಡೆದದ್ದೂ ತನ್ನಷ್ಟಕ್ಕೆ ದೋಷವಲ್ಲ. ಕಾವ್ಯಪ್ರಯೋಜನಗಳನ್ನು ಎಣಿಸಿದ ಮಮ್ಮಟನು ಯಶಸ್ಸಿನ ಪಕ್ಕದಲ್ಲೇ ಅರ್ಥಪ್ರಾಪ್ತಿಯನ್ನೂ ಇಟ್ಟಿದ್ದಾನೆ.

ಹಣ ದೋಷವಲ್ಲವೆಂಬುದಕ್ಕೆ ನಮ್ಮ ಆದಿಕವಿಯೇ ಸಾಕ್ಷಿ. ಪಂಪನು 941ರಲ್ಲಿ ಒಂದು ಕಡೆ 'ಆದಿಪುರಾಣ'ವನ್ನೂ ಇನ್ನೊಂದು ಕಡೆ 'ವಿಕ್ರಮಾರ್ಜುನವಿಜಯ'ವನ್ನೂ ರಚಿಸಿ, ಒಂದು ಆಗಮಕ್ಕೆ ಇನ್ನೊಂದು ಲೌಕಿಕಕ್ಕೆ ಎಂದು ತಾನೇ ವಿಭಾಗ ಮಾಡಿ ಹೇಳಿದನು. ಎರಡನೆಯದರಲ್ಲಿ ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿದನು. ಧರ್ಮವುರವೆಂಬ ಅಗ್ರಹಾರವನ್ನು ಬಹುಮಾನವಾಗಿ ಪಡೆದನು. ಆಶ್ರಯದಾತನಿಗಾಗಿ ಕಥೆಯನ್ನು ತಿದ್ದಬೇಕಾಯಿತು. ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು. ಕೊನೆಯಲ್ಲಿ ಪಟ್ಟಾಭಿಷೇಕ ಅರ್ಜುನನಿಗೂ ಸುಭದ್ರೆಗೂ ಆಯಿತು. ಈ ತಿದ್ದುಪಡಿಗಳ ಎಡೆಯಲ್ಲಿ ಕಾವ್ಯ ಸೊರಗಿದೆ ಎಂದು ವಿಮರ್ಶಕರು ಹೇಳುತ್ತ ಬಂದಿರುವುದು ಸರಿಯಾಗಿಯೇ ಇದೆ. ಆದರೆ ಅದೇ ಕಾವ್ಯದಲ್ಲಿ ಕರ್ಣನಿದ್ದಾನೆ. ನಾಯಕನ ಶತ್ರುವಾದ, ಆದಕಾರಣ ಅರಿಕೇಸರಿಗೂ ಶತ್ರುವೆನಿಸಬೇಕಾದ ಈ ಪುರುಷನನ್ನು ಕವಿ ಎಷ್ಟು ಎತ್ತರಕ್ಕೆ ಏರಿಸಿದನೆಂದರೆ ಓದುಗನ ಕಣ್ಣೀರು ಆಶ್ರಯದಾತನ ಪಕ್ಷವನ್ನು ಬಿಟ್ಟು ಆ ಕಡೆಗೆ ಹರಿಯುತ್ತದೆ. ಪಂಪನು ಅರಸನಿಗೆ ಸ್ತುತಿಯನ್ನು ಒಪ್ಪಿಸಿದನು. ಓದುಗನ ಮನಸ್ಸನ್ನು ಒತ್ತೆಯಿಡಲಿಲ್ಲ. ತರ್ಸೇಮ್ ಸಿಂಗರ ಜಾಹೀರಾತಿನಲ್ಲಿ ಇಂಥ ಕರ್ಣನಿಗೆ ಸ್ಥಳವಿಲ್ಲ. ಸೋತ ಚಕ್ರವರ್ತಿಯ ಮೇಲೆ ಒಂದು ಗಳಿಗೆ ನಮಗೆ ಕನಿಕರ ಹುಟ್ಟಿದ್ದರೂ ಅದು ಬೇರೆ ಬಗೆಯ ಕೃತಿಯಾಗುತ್ತಿತ್ತು. ಭೇದವಿರುವುದು ಹಣ ಕೊಟ್ಟವನಲ್ಲಲ್ಲ. ಕೇಳುವವನಿಗೆ ಕೃತಿ ಎಷ್ಟು ಎಡೆ ಬಿಟ್ಟಿದೆ ಎಂಬುದರಲ್ಲಿ.

ಈ ಸೂತ್ರವನ್ನು ಹಿಡಿದು 'ದಿ ಫಾಲ್' ಚಿತ್ರಕ್ಕೆ ಬಂದರೆ ಆಶ್ಚರ್ಯವಾಗುತ್ತದೆ. ಏಕೆಂದರೆ ಅದರ ವಸ್ತು ಇದೇ ಆಗಿದೆ. 'ಯೋ ಹೋ ಹೋ' ಎಂಬ 1981ರ ಬಲ್ಗೇರಿಯನ್ ಚಿತ್ರವೊಂದರ ಕಥೆಯನ್ನು ಆಧರಿಸಿದ ಈ ಚಲಚ್ಚಿತ್ರ ನಡೆಯುವುದು ಮೂಕಚಿತ್ರಗಳ ಕಾಲದ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ. ಚಲಚ್ಚಿತ್ರದಲ್ಲಿ ನಾಯಕನಟನ ಬದಲಿಗೆ ಅಪಾಯದ ಸಾಹಸಗಳನ್ನು ಮಾಡುವ ರಾಯ್ ಎಂಬ ಯುವಕ ಬಿದ್ದು ಕಾಲಿನ ಶಕ್ತಿ ಕಳೆದುಕೊಂಡು ಮಲಗಿದ್ದಾನೆ. ಅವನ ಪ್ರೇಯಸಿ ಆ ನಾಯಕನಟನ ಪಾಲಾಗಿದ್ದಾಳೆ. ಕಿತ್ತಳೆಯ ತೋಟದಲ್ಲಿ ಬಿದ್ದು ಕೈಮುರಿದುಕೊಂಡ ಅಲೆಕ್ಸಾಂಡ್ರಿಯ ಎಂಬ ಪುಟ್ಟ ಹುಡುಗಿ ಅವನಿಗೆ ಪರಿಚಯವಾಗುತ್ತಾಳೆ. ಅವನು ಅವಳಿಗೆ ಓಡಿಯಸ್ ಎಂಬ ದುಷ್ಟ ಅಧಿಕಾರಿಯ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ವೀರರ ಕಥೆಯನ್ನು ಹೇಳುತ್ತಾನೆ. ಕಥೆ ರಮ್ಯವಾಗಿದೆ, ಆದರೆ ನಿಷ್ಕಾಮವಾದುದಲ್ಲ. ಕುತೂಹಲ ಏರಿದ ಕಡೆ ನಿಲ್ಲಿಸಿ, ಮುಂದಿನದು ಬೇಕಾದರೆ ಔಷಧದ ಕೋಣೆಯಿಂದ ಮಾರ್ಫೀನ್ ಮಾತ್ರೆಗಳನ್ನು ತಂದುಕೊಡು ಎನ್ನುತ್ತಾನೆ. ಅವನ ಉದ್ದೇಶ ಆತ್ಮಹತ್ಯೆ. ಹುಡುಗಿಗೆ ಅದು ತಿಳಿಯದು. ಅವನು ಬರೆದುಕೊಟ್ಟ ಹೆಸರಿನ ಕೊನೆಯ ರೋಮನ್ ಅಕ್ಷರವನ್ನು ಮೂರರ ಅಂಕಿಯೆಂದು ತಿಳಿದು ಮೂರೇ ಮಾತ್ರೆಗಳನ್ನು ತರುತ್ತಾಳೆ.

ಕೇಳುವವರಿಂದ ಒಂದು ಪದಾರ್ಥವನ್ನು ಸಂಬಂಧಿಸಿದ ಕೆಲಸ ಮಾಡಿಸಿಕೊಳ್ಳುವುದಕ್ಕಾಗಿ ಹೇಳಿದ ರಮ್ಯಕಥೆಗೆ ಜಾಹೀರಾತು ಎಂದಲ್ಲದೆ ಬೇರೆ ಹೆಸರು ಯಾವುದು? ಅನೇಕ ವರ್ಷ ಈ ಕಸಬನ್ನು ಮಾಡಿದ ನಿರ್ದೇಶಕನು ತನ್ನ ಕಸಬನ್ನೇ ತನಿಖೆ ಮಾಡಿದ್ದಾನೆ ಎಂದು ನಮಗೆ ತೋರುತ್ತದೆ. ಅವನ ಮನಸ್ಸಿನಲ್ಲಿ ಈ ಅಭಿಪ್ರಾಯವಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ. ಕೃತಿಯಲ್ಲಿ ಅದು ಇದೆ. ಆದರೆ ಇಲ್ಲಿ ಕೇಳುವವಳು ಸುಮ್ಮನಿರುವುದಿಲ್ಲ. ರಾಯ್ 'ಇಂಡಿಯನ್' ಎಂದಾಗ ಅವನ ಮನಸ್ಸಿನಲ್ಲಿರುವುದು ಅಮೆರಿಕದ ಮೂಲನಿವಾಸಿ. ಹುಡುಗಿಯ ಕಣ್ಣಿಗೆ ಕಾಣುವುದು ತನ್ನ ತೋಟದಲ್ಲಿ ದುಡಿಯುವ ಭಾರತೀಯ. ತೆರೆಯ ಮೇಲೆ ಮೂಡುವುದು ಅವಳು ಕಂಡದ್ದೇ, ಅವನು ಹೇಳಿದ್ದಲ್ಲ. ಮತ್ತೆ ಮಾತ್ರೆ ತರಲು ಹೋಗಿ ಅವಳು ಬಿದ್ದು ತೀವ್ರವಾಗಿ ಗಾಯಗೊಂಡ ಮೇಲೆ, ಪಶ್ಚಾತ್ತಾಪದಿಂದಲೂ ಹತಾಶೆಯಿಂದಲೂ ರಾಯ್ ತನ್ನ ವೀರರನ್ನು ಒಬ್ಬೊಬ್ಬರನ್ನಾಗಿ ಕಥೆಯಲ್ಲಿ ಕೊಲ್ಲತೊಡಗುತ್ತಾನೆ. ಆಗ ಹುಡುಗಿ ಅಳುತ್ತ ತಡೆಯುತ್ತಾಳೆ: ಕಥೆ ಅವನೊಬ್ಬನದಲ್ಲ, ತನ್ನದೂ ಹೌದು ಎನ್ನುತ್ತಾಳೆ. ನಾಯಕ ಬದುಕುತ್ತಾನೆ; ಹೇಳುವವನೂ ಬದುಕುತ್ತಾನೆ. ಜಾಹೀರಾತು ಸಹಿಸಲಾರದ ಮಾತು ಇದೊಂದೇ.

ಎರಡು ಕೃತಿಗಳಲ್ಲಿಯೂ ಬರುವ ಎರಡು ವಿವರಗಳನ್ನು ಹೋಲಿಸಿ ಈ ವಿಚಾರವನ್ನು ಮುಗಿಸಬಹುದು. ಜಾಹೀರಾತಿನ ಚಕ್ರವರ್ತಿ ತಂಪಾದುದನ್ನು ತಾನೊಬ್ಬನೇ ಇಟ್ಟುಕೊಂಡವನು. 'ದಿ ಫಾಲ್' ಚಿತ್ರದಲ್ಲಿ ರಾಯ್ ಹುಡುಗಿಗೆ ಮೊದಲು ಹೇಳುವುದು, ಅವಳ ಹೆಸರಿಗೆ ಮೂಲನಾದ ಅಲೆಕ್ಸಾಂಡರನ ಕಥೆ. ಮರುಭೂಮಿಯಲ್ಲಿ ಬಾಯಾರಿದ ಆ ದೊರೆಗೆ ಸೈನಿಕನೊಬ್ಬ ಶಿರಸ್ತ್ರಾಣದಲ್ಲಿ ನೀರು ತಂದುಕೊಡುತ್ತಾನೆ. ದೊರೆ ಅದನ್ನು ನೆಲಕ್ಕೆ ಸುರಿಯುತ್ತಾನೆ. ಸೈನ್ಯಕ್ಕೆಲ್ಲ ಒದಗದ ನೀರು ತನಗೊಬ್ಬನಿಗೆ ಬೇಡವೆಂಬುದು ಆ ಪ್ರಾಚೀನ ಐತಿಹ್ಯದ ತಾತ್ಪರ್ಯ. ಇನ್ನೊಂದು ವಿವರ ಕೀರ್ತಿಯನ್ನು ಕುರಿತದ್ದು. ಜಾಹೀರಾತು ನಿಂತಿರುವುದೇ ನಾಲ್ಕು ಹೆಸರುಗಳ ಮೇಲೆ. ಚಲಚ್ಚಿತ್ರ ಮುಗಿಯುವುದು ಹಳೆಯ ಮೂಕಚಿತ್ರಗಳ ಸಾಹಸದ ತುಣುಕುಗಳಿಂದ: ಓಡುವವರು, ಜಿಗಿಯುವವರು, ಬೀಳುವವರು. ಬೀಳುವ ಪ್ರತಿಯೊಬ್ಬನೂ ತನ್ನ ರಾಯ್ ಎಂದೇ ಹುಡುಗಿ ನಂಬುತ್ತಾಳೆ. ಹೆಸರಿಲ್ಲದವನಿಗೆ ಸಲ್ಲುವ ಈ ಪ್ರೀತಿಯಲ್ಲಿ ಸಾಧಾರಣೀಕರಣ ತಾನಾಗಿ ಸಿದ್ಧಿಸಿದೆ.

ಹೀಗೆಂದ ಮಾತ್ರಕ್ಕೆ ಚಲಚ್ಚಿತ್ರ ನಿರ್ದುಷ್ಟವೆಂದು ನಮ್ಮ ಅಭಿಪ್ರಾಯವಲ್ಲ. ಜೋಧಪುರದ ನೀಲಿ ಮನೆಗಳು, ಜಯಪುರದ ಜಂತರ್ ಮಂತರ್, ಅಭಾನೇರಿಯ ಮೆಟ್ಟಿಲುಬಾವಿ, ಫತೇಪುರ ಸಿಕ್ರಿ ಇವೆಲ್ಲ ಕಣ್ಣಿಗೆ ಹಬ್ಬವಾದರೂ ಅಲ್ಲಲ್ಲಿ ಕಥೆಯನ್ನು ಕಾಯಿಸಿ ತಾವೇ ಮೆರೆಯುತ್ತವೆ. ಪ್ರತಿಯೊಂದು ಚಿತ್ರಿಕೆಯೂ ಮನಸೆಳೆಯಲೇಬೇಕೆಂಬ ಹಟ ಜಾಹೀರಾತಿನ ಅಭ್ಯಾಸದಿಂದ ಬಂದದ್ದು; ಒಂದು ಕಸಬಿನಲ್ಲಿ ಪಳಗಿದ ಕೈ ಇನ್ನೊಂದರಲ್ಲಿಯೂ ಹಾಗೆಯೇ ಆಡುತ್ತದೆ. ಈ ಚಿತ್ರ ಆದರಣೆಗೆ ಬಂದದ್ದೂ ನಿಧಾನವಾಗಿ. ಅಮೆರಿಕದ ಚಿತ್ರಮಂದಿರಗಳಿಗೆ 2008ರಲ್ಲಿ, ಡೇವಿಡ್ ಫಿಂಚರ್ ಮತ್ತು ಸ್ಪೈಕ್ ಜೋನ್ಸ್ ಎಂಬ ಇಬ್ಬರು ನಿರ್ದೇಶಕರ ಹೆಸರಿನ ಬೆಂಬಲದಿಂದ, ಅದು ತಲಪಿತು. 2024ರಲ್ಲಿ ಜೀರ್ಣೋದ್ಧಾರಗೊಂಡ ಪ್ರತಿ ಹೊರಬಂದ ಮೇಲೆ ಹೊಸ ತಲೆಮಾರಿನ ಪ್ರೇಕ್ಷಕರಿಗೂ ಪರಿಚಯವಾಯಿತು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಹಿಂದಿರುಗೋಣ. ಜಾಹೀರಾತಿಗಾಗಿ ದುಡಿಯುವ ವಿದ್ಯಾರ್ಥಿ ತನ್ನ ವಿದ್ಯೆಯನ್ನು ಮಾರಿಕೊಂಡನೆ? ವಿದ್ಯೆ ಮಾರಾಟಕ್ಕೆ ಸಲ್ಲದೆಂಬ ನಿಯಮವನ್ನು ಸಂಬಳ ಪಡೆಯುವ ಅಧ್ಯಾಪಕರಾದ ನಾವು ಹೇಳಲಾರೆವು. ನಾಳೆ ಬರೆಯುವ ಒಳ್ಳೆಯ ಕಾದಂಬರಿಯಿಂದ ಇಂದಿನ ಸುಳ್ಳು ಮಾತು ತೊಳೆದುಹೋಗುತ್ತದೆ ಎಂದೂ ಹೇಳಲಾರೆವು. ನಾವು ಹೇಳಬಹುದಾದುದು ಇಷ್ಟು: ಕೊಂಡವನ ಋಣ ತೀರಿಸುವಾಗ ಕೇಳುವವನ ಋಣವೂ ಇದೆ ಎಂಬುದನ್ನು ಮರೆಯಬಾರದು. ನಿನ್ನ ಮಾತನ್ನು ಕೇಳಿದವರು ಅದರಲ್ಲಿ ನೀನು ಎಣಿಸದಿದ್ದುದನ್ನು ಕಾಣಲು, ಬೇಡವೆನ್ನಲು, ಕಥೆ ತಮ್ಮದೂ ಹೌದೆಂದು ತಡೆಯಲು ಅವಕಾಶವಿದೆಯೆ ಎಂದು ನೋಡಿಕೋ. ಇದ್ದರೆ ಅದು ಯಾರ ಹಣದಿಂದ ಹುಟ್ಟಿದರೂ ಕಾವ್ಯದ ಕಡೆಗೆ ಒಂದು ಹೆಜ್ಜೆ. ಇಲ್ಲದಿದ್ದರೆ, ಸ್ವಂತ ಹಣದಿಂದ ಅಚ್ಚು ಹಾಕಿಸಿದ ಕವನಸಂಗ್ರಹವೂ ಜಾಹೀರಾತೇ.